ಕಲ್ಲುಬಾನಿಯಲ್ಲಿ ಐಸ್ ನೀರು

"ಗುಜರಿಗೆ ಹಾಕು ಅಂತೀರಲ್ಲ ಸ್ವಾಮಿ, ನಿಮ್ಮ ಬಾಯಲ್ಲಿ ಆ ಮಾತು ಎಂಗೆ ಬಂತು?"

ಮಹದೇವು ಮೇಜು ಗುದ್ದಿದ. ಬಿಚ್ಚಿಟ್ಟಿದ್ದ ಗೋಡೆ ಗಡಿಯಾರದ ಹಲ್ಲುಚಕ್ರವೊಂದು ಎಗರಿ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಹೊಸಿಲ ಹತ್ತಿರ ಮಲಗಿತು.

"ಗುಜರಿ ಅಂತ ನಾನೆಲ್ಲಿ ಅಂದೆ?" ಸುಂದರೇಶ ಬಗ್ಗಿ ಚಕ್ರ ಎತ್ತಿಕೊಂಡು ಪಂಚೆಯ ತುದಿಯಲ್ಲಿ ಒರೆಸಿದ. "ಹಿಮದ ನೀರಿಗೆ ಇದು ಬೇಡ ಅಂದೆ. ಇಲ್ಲಿ ಕಾವೇರೀಲಿ, ಕೆರೇಲಿ, ಬಾವೀಲಿ ಇದನ್ನೇ ಹಾಕ್ಕೋ, ಯಾರು ಬೇಡ ಅಂತಾರೆ? ಅಲ್ಲಿಗೆ ಹೊಸದು ತಗೊಂಡು ಹೋಗು. ಅಷ್ಟೇ ನಾನು ಹೇಳಿದ್ದು."

"ಅಷ್ಟೇ ಏನು ಅಷ್ಟೇ! ಅನ್ನೆರಡು ವರ್ಷ ಇದರಾಗೇ ಉಸಿರಾಡಿದೀನಿ. ಒಂದೇ ಒಂದು ದಿನ ಕೈ ಕೊಟ್ಟಿಲ್ಲ."

"ಒಂದು ದಿನ ಕೊಟ್ಟಿರಬಹುದು ಮಹದೇವು," ಅಂದ ಸುಂದರೇಶ, ಅವನ ಮುಖ ನೋಡದೆ.

ಮಹದೇವನ ಕಿವಿ ಬಿಸಿಯಾಯಿತು. "ಯಾವತ್ತು? ಯೋಳಿ. ಯಾವತ್ತು ಕೊಡ್ತು?"

ಸುಂದರೇಶ ಚಕ್ರವನ್ನು ಮೇಜಿನ ಮೇಲಿಟ್ಟ. ಹೇಳಬೇಕಾಗಿರಲಿಲ್ಲ. ಯಾವ ದಿನ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಮೇಜಿನ ಮೇಲೆ ಎರಡು ರೆಗ್ಯುಲೇಟರುಗಳಿದ್ದವು. ನೀರಿನಡಿ ಕೆಲಸ ಮಾಡುವವನ ಬೆನ್ನಿಗೆ ಗಾಳಿ ಅದುಮಿ ತುಂಬಿದ ಕಬ್ಬಿಣದ ಸಿಲಿಂಡರು ಕಟ್ಟುತ್ತಾರೆ. ಆ ಗಾಳಿ ಒಮ್ಮೆಲೇ ನುಗ್ಗಿದರೆ ಎದೆ ಒಡೆದುಹೋದೀತು. ಉಸಿರೆಳೆದಾಗ ಎಳೆದಷ್ಟೇ ಗಾಳಿ ಕೊಟ್ಟು, ಎಳೆಯದಿದ್ದಾಗ ಸುಮ್ಮನಿರುವ ಪುಟ್ಟ ಯಂತ್ರವೇ ರೆಗ್ಯುಲೇಟರು. ಹಳೆಯದು ಒಬ್ಬಟ್ಟಿನಗಲದ ಹಿತ್ತಾಳೆ ಡಬ್ಬಿ. ಅದರ ಎರಡು ಪಕ್ಕದಿಂದ ಹೊರಟ ಕಪ್ಪು ರಬ್ಬರ್ ಕೊಳವೆಗಳು ಬಾಯಿಯ ಹತ್ತಿರ ಬಂದು ಸೇರುತ್ತಿದ್ದವು. ಡಬ್ಬಿಯೊಳಗೆ ಒಂದು ರಬ್ಬರ್ ಹಾಳೆ, ಅದರ ಕೆಳಗೆ ಬೆಂಕಿಕಡ್ಡಿಯುದ್ದದ ಎರಡು ಸನ್ನೆಕೋಲು. ಉಸಿರೆಳೆದರೆ ಹಾಳೆ ಕುಸಿದು ಸನ್ನೆಯನ್ನು ಒತ್ತುತ್ತದೆ, ಗಾಳಿ ಬರುತ್ತದೆ. ಹೊಸದು ಬೊಂಬಾಯಿಂದ ಪರೀಕ್ಷೆಗೆಂದು ತರಿಸಿದ್ದು. ಒಂದೇ ಕೊಳವೆ, ಸ್ಪ್ರಿಂಗಿಗೆ ನೀರು ತಾಗದ ಹಾಗೆ ರಬ್ಬರಿನ ಟೋಪಿ ತೊಡಿಸಿ ಅದರೊಳಗೆ ಗ್ಲಿಸರಿನ್ ತುಂಬಿದ್ದರು. ತಣ್ಣೀರಿಗೆಂದೇ ಮಾಡಿದ್ದು.

ಅರವತ್ಮೂರನೇ ಇಸವಿಯ ಡಿಸೆಂಬರ್ ಅದು. ಉತ್ತರದ ಬೆಟ್ಟಗಳಲ್ಲಿನ ಒಂದು ಅಣೆಕಟ್ಟಿನಿಂದ ಗೋವಿಂದರಾಜು ಎಂಬ ಇಂಜಿನಿಯರು ಕಾಗದ ಬರೆದಿದ್ದರು. ಹಿಂದೆ ಮೈಸೂರಿನಲ್ಲಿದ್ದವರು, ಕನ್ನಂಬಾಡಿಯಲ್ಲಿ ಮಹದೇವನ ಕೆಲಸ ಕಂಡವರು. ತೂಬಿನ ಬಾಯಿಗೆ ಮರದ ದಿಮ್ಮಿ ಸಿಕ್ಕಿಕೊಂಡಿದೆ, ನೀರೆಲ್ಲ ಹಿಮ ಕರಗಿ ಬಂದದ್ದು, ಇಲ್ಲಿನವರ ಯಂತ್ರ ಅರ್ಧಕ್ಕೇ ನಿಲ್ಲುತ್ತಿದೆ. ನೀನು ಬಾ, ಆದರೆ ಈ ಚಳಿ ತಡೆಯುವ ಯಂತ್ರ ಹಿಡಿದುಕೊಂಡು ಬಾ ಎಂದಿದ್ದರು. ರೈಲಿಗೆ ಇನ್ನು ಒಂಬತ್ತು ದಿನ ಇತ್ತು.

"ಐಸ್ ತರಿಸೋಣ," ಅಂದ ಸುಂದರೇಶ. "ಐಸ್ ನೀರಲ್ಲಿ ಎರಡನ್ನೂ ಮುಳುಗಿಸಿ ಉಸಿರೆಳೆದು ನೋಡು. ಯಾವುದು ತಡೆಯುತ್ತೋ ಅದನ್ನ ತಗೊಂಡು ಹೋಗು. ನಿನ್ನ ಮಾತೂ ಬೇಡ, ನನ್ನ ಮಾತೂ ಬೇಡ."

"ಐಸಂತೆ ಐಸು! ಎರಡು ವರ್ಷದಿಂದ ಅದೇ ರಾಗ."

"ಎರಡು ವರ್ಷದಿಂದ ನೀನು ಒಪ್ಪಿಲ್ಲವಲ್ಲ, ಅದಕ್ಕೇ ಅದೇ ರಾಗ."

"ಅವತ್ತು ಇದೇ ಮೇಜಿನ ಮೇಲೆ ಬಿಚ್ಚಿ, ಸರಿಯಾಗೇ ಅದೆ ಅಂದೋರು ಯಾರು? ನೀವೇ ತಾನೆ?"

"ನಾನೇ. ಮೇಜಿನ ಮೇಲೆ ಸರಿಯಾಗಿತ್ತು. ನೀರಲ್ಲಿ ಹೇಗಿತ್ತೋ ನಾನೇನು ಕಂಡೆ? ಅವತ್ತಿಂದ ನಂಗೂ ನೆಟ್ಟಗೆ ನಿದ್ದೆ ಇಲ್ಲ ಕಣಯ್ಯ."

"ನಿಂಗೇನ್ ಗೊತ್ತು ನೀರು ಅಂದ್ರೆ? ಮಂಡಿಯುದ್ದ ನೀರಿಗಾರ ಇಳಿದಿದ್ದೀಯಾ ನೀನು?"

ಹನ್ನೆರಡು ವರ್ಷದಲ್ಲಿ ಮಹದೇವು ಸುಂದರೇಶನಿಗೆ 'ನೀನು' ಅಂದದ್ದು ಅದೇ ಮೊದಲು. ಸುಂದರೇಶನ ತಂದೆ ಅರಮನೆಯ ಗಡಿಯಾರಗಳಿಗೆ ಕೀಲಿ ಕೊಡುತ್ತಿದ್ದವರು. ಮಗ ಒಂಟಿಕೊಪ್ಪಲಿನ ಈ ಮನೆಯ ಜಗಲಿಯಲ್ಲೇ ಗಡಿಯಾರ, ತಕ್ಕಡಿ, ವೈದ್ಯರ ಸಾಮಾನು ಎಲ್ಲ ರಿಪೇರಿ ಮಾಡಿಕೊಂಡಿದ್ದ. ಬೊಂಬಾಯಿಯ ಹಡಗಿನವನೊಬ್ಬನಿಂದ ಹಳೇ ರೆಗ್ಯುಲೇಟರು ಕೊಂಡುತಂದ ದಿನ ಮಹದೇವು ಕೇಳಿಕೊಂಡು ಬಂದದ್ದು ಈ ಜಗಲಿಗೇ. ಅಂದಿನಿಂದ ಪ್ರತಿ ಶಿವರಾತ್ರಿ ಕಳೆದಮೇಲೆ ಯಂತ್ರ ಇಲ್ಲಿಗೆ ಬರುವುದು, ಸುಂದರೇಶ ಬಿಚ್ಚಿ ತೊಳೆದು ಕೂಡಿಸುವುದು, ಆಮೇಲೆ ಮಹದೇವು ನೀರಿಗಿಳಿಯುವುದು.

ಮಹದೇವು ಹಳೆಯದನ್ನು ಟವಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದ. ಚಪ್ಪಲಿ ಒಂದು ಕಾಲಿಗೆ ಸರಿಯಾಗಿ ಸಿಕ್ಕಿರಲಿಲ್ಲ. ಬೀದಿಯ ತುದಿಯವರೆಗೂ ಎಳೆದುಕೊಂಡೇ ನಡೆದ.

ಆ ಒಂದು ದಿನದ ಸಂಗತಿ ಇಷ್ಟು. ಎರಡು ವರ್ಷದ ಹಿಂದೆ, ಇದೇ ಡಿಸೆಂಬರಿನಲ್ಲಿ, ನೀಲಗಿರಿಯ ಮೇಲೊಂದು ಕಟ್ಟೆಯ ತೂಬು ನೋಡುವ ಕೆಲಸ ಬಂದಿತ್ತು. ಮಹದೇವನಿಗೆ ಕಿವಿ ಸೋರುತ್ತಿತ್ತು. ಅವನ ಬದಲು ತಂಗಿಯ ಗಂಡ ದೇವರಾಜು ಇದೇ ಹಳೇ ಯಂತ್ರ ಕಟ್ಟಿಕೊಂಡು ಇಳಿದ. ಬನ್ನೂರ ಕಡೆಯವನು, ಗಟ್ಟಿ ಆಳು. ತುಂಬಿದ ಹೊಳೆಯಲ್ಲಿ ಈಜಿ ಆಚೆ ದಡದ ಎಮ್ಮೆ ಹೊಡೆದುಕೊಂಡು ಬರುವವನು. ಹಗ್ಗ ಹಿಡಿದು ಮಹದೇವು ದಡದಲ್ಲಿ ಕೂತಿದ್ದ. ಸ್ವಲ್ಪ ಹೊತ್ತಿಗೆ ಹಗ್ಗ ದಿಕ್ಕಾಪಾಲಾಗಿ ಕುಣಿಯಿತು. ಎಳೆದರು. ಎಳೆದು ಮೇಲೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಯಿಕೊಳವೆ ಬಾಯಲ್ಲಿರಲಿಲ್ಲ, ಕಿತ್ತುಹಾಕಿಕೊಂಡಿದ್ದ. ಮರುದಿನ ಘಟ್ಟ ಇಳಿದು ಮೈಸೂರಿಗೆ ಬಂದು, ಮಧ್ಯಾಹ್ನ ಸುಂದರೇಶನ ಮೇಜಿನ ಮೇಲೆ ಯಂತ್ರ ಇಟ್ಟರು. ಅದು ಮಗುವಿನ ಹಾಗೆ ಉಸಿರಾಡಿತು.

ಆವಾಗ ಮಹದೇವು ಅಂದದ್ದು: "ಮಿಷನ್ನು ಸರಿಯಾಗೇ ಅದೆ. ಮನುಸ ಎದ್ರಿಬುಟ್ಟ. ಎದ್ರಿ ಬಾಯಿಂದ ಕಿತ್ಕೊಂಡ."

ಅದನ್ನು ಅವನು ಪೊಲೀಸಿನವರಿಗೆ ಹೇಳಿದ. ಕೇರಿಗೆ ಹೇಳಿದ. ಬನ್ನೂರಿನಲ್ಲಿ ದೇವರಾಜುವಿನ ತಾಯಿಗೆ ಹೇಳಿದ. ತಂಗಿ ಬೆಟ್ಟಮ್ಮನಿಗೂ ಹೇಳಿದ. "ಅವರು ಎದ್ರೋರಲ್ಲ ಅಣ್ಣ," ಎಂದು ಅವಳು ಒಂದೇ ಒಂದು ಸಲ ಅಂದಳು. "ನೀನು ಕಂಡಿದ್ದಾ? ದಡದಲ್ಲಿ ಇದ್ದೋನು ನಾನು!" ಎಂದು ಅವನು ಗದರಿದ ಮೇಲೆ ಮತ್ತೆ ಬಾಯಿ ಬಿಡಲಿಲ್ಲ. ಗಂಡನ ಊರಲ್ಲಿ 'ಪುಕ್ಕಲನ ಹೆಂಡ್ತಿ' ಅನ್ನುವ ಮಾತು ಬಾವಿಕಟ್ಟೆಯವರೆಗೂ ಬಂದಾಗ ಅಲ್ಲಿರಲಾರದೆ ಮೈಸೂರಿನ ಕೆಸರೆಗೆ, ಅಣ್ಣನ ಮನೆಗೆ ಬಂದಳು.

ಈಗ ಯಂತ್ರ ಕೆಟ್ಟದ್ದು ಅಂತಾದರೆ ಆ ಮಾತೆಲ್ಲ ಏನಾಗಬೇಕು? ಸತ್ತವನ ಮೇಲೆ ಹೊರಿಸಿದ್ದನ್ನು ಯಾರು ಇಳಿಸಿಕೊಳ್ಳಬೇಕು? ಹಿಮಾಲಯದ ಕೆಲಸ ಹೋದರೆ ಹೋಗಲಿ, ಅದಲ್ಲ ಅವನನ್ನು ಕೊರೆಯುತ್ತಿದ್ದುದು. ಹಳೇ ರೆಗ್ಯುಲೇಟರು ಸರಿಯಾಗಿರಲೇಬೇಕಿತ್ತು.

ಮನೆಗೆ ಬಂದಾಗ ಬೆಟ್ಟಮ್ಮ ಜಗಲಿಯ ಮೇಲೆ ಮಣೆ ಹಾಕಿಕೊಂಡು ಊದುಬತ್ತಿ ಹೊಸೆಯುತ್ತಿದ್ದಳು. ಇದ್ದಿಲ ಹಿಟ್ಟಿಗೆ ಬೆರಳೆಲ್ಲ ಕಪ್ಪು. ಪಕ್ಕದಲ್ಲಿ ಬಿಸಿಲು ಬೀಳುವ ಕಡೆ ಕೊಬ್ಬರಿ ಎಣ್ಣೆಯ ಬಾಟಲಿ ಇಟ್ಟಿದ್ದಳು. ಧನುರ್ಮಾಸ ಹಿಡಿಯಿತೆಂದರೆ ಮೈಸೂರಿನಲ್ಲಿ ಕೊಬ್ಬರಿ ಎಣ್ಣೆ ಬೆಳ್ಳಗೆ ಹರಳುಗಟ್ಟಿ ಕೂತುಬಿಡುತ್ತದೆ. ಬಿಸಿಲಿಗಿಡದೆ ತಲೆಗೆ ಹಚ್ಚುವ ಹಾಗಿಲ್ಲ.

"ಕರಗ್ಯದೆ ಅಣ್ಣ, ತಲೆಗಾಕ್ಕೊ," ಅಂದಳು.

"ಬೇಡ."

"ಅಯ್ನೋರ ಜೊತೆ ಜಗಳ ಆಡ್ಕೊಂಡು ಬಂದ್ಯಾ?"

"ನಿಂಗ್ಯಾರು ಯೋಳಿದ್ರು?"

"ಚಪ್ಪಲಿ ಉಲ್ಟಾ ಬುಟ್ಟಿದ್ದೀಯ."

ಅವನು ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ಹೆಂಡತಿ ಪುಟ್ಟತಾಯಮ್ಮ ಮುದ್ದೆ ಬಡಿಸಿದರೆ ಅರ್ಧಕ್ಕೇ ಎದ್ದ. ಎರಡು ದಿನ ಹೀಗೇ. ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ದೇವಿಯ ದರ್ಶನಕ್ಕೂ ನಿಲ್ಲದೆ ಹಾಗೇ ಇಳಿದು ಬಂದ. ಕೂತರೆ ಕಾಲು ಅಲುಗುತ್ತಿತ್ತು. ನಿಂತರೆ ಕೈ ಏನನ್ನಾದರೂ ಹುಡುಕುತ್ತಿತ್ತು. ಮೂರನೇ ದಿನ ಪುಟ್ಟತಾಯಮ್ಮನಿಗೆ ತಡೆಯದೆ ಹೋಯಿತು.

"ಏನ್ ನಿಂದು? ಕಾಲು ಸುಟ್ಟ ಬೆಕ್ಕಿನಂಗೆ ಸುತ್ತುತೀಯಲ್ಲ! ಮಿಷನ್ ಮೇಲೆ ಅಷ್ಟು ನಂಬಿಕೆ ಇದ್ರೆ ಐಸ್ಗೆ ಯಾಕ್ ಎದ್ರುತೀಯ?"

"ಯಾರೇ ಎದ್ರೋರು?"

"ನೀನೇ. ಇನ್ಯಾರು?"

ಆ ಮಾತು ಅವನಿಗೆ ಕೆಂಡದ ಹಾಗೆ ತಾಗಿತು. ಬೆಟ್ಟಮ್ಮ ಅಲ್ಲೇ ಇದ್ದಳು, ತಲೆಯೆತ್ತದೆ ಬತ್ತಿ ಹೊಸೆಯುತ್ತಿದ್ದಳು.

ಸೈಕಲ್ ಹತ್ತಿ ನೇರ ಒಂಟಿಕೊಪ್ಪಲಿಗೆ ಹೋದ. ಬಾಗಿಲಲ್ಲೇ ನಿಂತು ಅಂದ: "ನಾಳಿದ್ದು ಭಾನುವಾರ ನಮ್ಮನೆಗೆ ಬನ್ನಿ. ಐಸ್ ನಾನೇ ತರಿಸ್ತೀನಿ. ಕೇರಿಯೋರ್ನೆಲ್ಲ ಕರೀತೀನಿ. ಎಲ್ಲರ ಮುಂದೇನೇ ಆಗಲಿ."

"ಕೇರಿಯವರು ಯಾಕಯ್ಯ? ನಾವಿಬ್ಬರೇ ಸಾಲದಾ?"

"ಸಾಲ್ದು. ಎಲ್ಲಾರೂ ನೋಡ್ಲಿ. ನೋಡಿ ಬಾಯಿ ಮುಚ್ಕೊಳ್ಲಿ." ಸೈಕಲ್ ತಿರುಗಿಸಿಕೊಂಡವನು ನಿಂತ. "ಮೊನ್ನೆ ಬಾಯಿ ತಪ್ಪಿ ಒಂದು ಮಾತು ಬಂತು."

"ಬಂತು. ಹೋಯ್ತು ಬಿಡು," ಅಂದ ಸುಂದರೇಶ.

ಶನಿವಾರ ಮಧ್ಯಾಹ್ನ ಮಹದೇವು ಹಿತ್ತಿಲಲ್ಲಿ ಬಿಸಿಲಿಗೆ ಕೂತು ಹಳೇ ರೆಗ್ಯುಲೇಟರನ್ನು ತೊಡೆಯ ಮೇಲಿಟ್ಟುಕೊಂಡ. ಕಾಸಿನ ಅಂಚಿನಿಂದ ಡಬ್ಬಿಯ ಸುತ್ತಲಿನ ಪಟ್ಟಿ ಸಡಿಲಿಸಿ ಮುಚ್ಚಳ ತೆಗೆದ. ಇದು ಸುಂದರೇಶನಿಗೆ ತಿಳಿಯದಂತೆ ಮಾಡುವ ಕೆಲಸ. ಸುಂದರೇಶ ಒಂದು ಪುಟ್ಟ ಸೀಸೆಯಲ್ಲಿ ಗ್ಲಿಸರಿನ್ ಕೊಟ್ಟು, ಇದು ಬಿಟ್ಟು ಇನ್ನೇನೂ ತಾಗಿಸಬೇಡ ಎಂದು ಮೊದಲ ವರ್ಷವೇ ಹೇಳಿದ್ದ. ಆ ಸೀಸೆ ಇನ್ನೂ ಮುಕ್ಕಾಲು ತುಂಬಿಯೇ ಇತ್ತು. ಮಹದೇವನ ಮಟ್ಟಿಗೆ ಕೊಬ್ಬರಿ ಎಣ್ಣೆಗಿಂತ ಮಿಗಿಲಾದದ್ದು ಇರಲಿಲ್ಲ. ಅವನ ಅಪ್ಪ ಬಾಗಿಲ ಕೀಲಿಗೆ ಅದನ್ನೇ ಹಾಕುತ್ತಿದ್ದ, ಎತ್ತಿನ ಕೊಂಬಿಗೆ ಅದನ್ನೇ ತಿಕ್ಕುತ್ತಿದ್ದ, ಹುಟ್ಟಿದ ಮಗುವಿಗೂ ಅದನ್ನೇ ಸವರುತ್ತಿದ್ದರು. ನೀರಿಂದ ಎದ್ದು ಬಂದ ಯಂತ್ರಕ್ಕೆ ತುಕ್ಕು ಹಿಡಿಯದಿರಲಿ, ರಬ್ಬರು ಒಡೆಯದಿರಲಿ ಎಂದು ಅವನು ಪ್ರತಿ ಸಲವೂ ಬೆರಳಲ್ಲಿ ಎಣ್ಣೆ ತೆಗೆದು ಸನ್ನೆಗಳಿಗೆ, ಹಾಳೆಗೆ ಸವರುತ್ತಿದ್ದ. ಸುಂದರೇಶನ ಮೇಜಿಗೆ ಒಯ್ಯುವ ಮುಂಚೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಬಿಡುತ್ತಿದ್ದ, ಬೈಸಿಕೊಳ್ಳುವುದು ಯಾಕೆಂದು. ತೂಬಿನ ಕೆಲಸವೆಲ್ಲ ನೀರು ತಗ್ಗಿದ ಬೇಸಿಗೆಯಲ್ಲಿ. ಆಗ ಎಣ್ಣೆ ನೀರಿನ ಹಾಗೇ ಇರುತ್ತಿತ್ತು. ಸನ್ನೆ ಬೆಣ್ಣೆಯ ಮೇಲೆ ಜಾರಿದಂತೆ ಜಾರುತ್ತಿತ್ತು.

"ಬೆಟ್ಟಿ, ಎಣ್ಣೆ ತತ್ತಾ," ಎಂದು ಕೂಗಿದ.

ಅವಳು ಬಿಸಿಲಲ್ಲಿ ಕರಗಿದ ಬಾಟಲಿ ತಂದುಕೊಟ್ಟಳು. ಅವನು ಬೆರಳಿಂದಲ್ಲ, ಅಂಗೈಗೇ ಸುರಿದುಕೊಂಡು ಧಾರಾಳವಾಗಿ ಹಚ್ಚಿದ. ನಾಳೆ ಅದು ಚೆನ್ನಾಗಿ ನಡೆಯಬೇಕಿತ್ತು. ಅವಳು ನಿಂತು ನೋಡುತ್ತಿದ್ದಳು.

"ಅವತ್ತು ಅವರ ಜೊತೆ ನಾನೂ ಇಲ್ಲಿಗೆ ಬಂದಿದ್ನಲ್ಲ, ನೀಲಗಿರಿಗೋಗೋ ಹಿಂದಿನ ದಿನಾನೂ ನೀನು ಇಂಗೇ ಅಚ್ತಿದ್ದೆ," ಅಂದಳು.

"ಊಂ. ಅಚ್ದೆ ಇದ್ದರೆ ಆಯ್ತದಾ?" ಎಂದು ಅವನು ಮುಚ್ಚಳ ಹಾಕಿದ.

ಭಾನುವಾರ ಬೆಳಿಗ್ಗೆ ಜಟಕಾದ ಚಿಕ್ಕಣ್ಣ ಐಸ್ ಕಾರ್ಖಾನೆಯಿಂದ ಮರದ ಹೊಟ್ಟಿನಲ್ಲಿ ಸುತ್ತಿದ ನಾಲ್ಕು ದಪ್ಪ ಗಡ್ಡೆ ತಂದಿಳಿಸಿದ. ಮನೆ ಮುಂದೆ ದನಕ್ಕೆ ನೀರು ಕುಡಿಸುವ ಕಲ್ಲುಬಾನಿ ಇತ್ತು. ಐಸನ್ನು ಕೊಡತಿಯಲ್ಲಿ ಒಡೆದು ಅದರೊಳಕ್ಕೆ ಸುರಿದರು. ಕೇರಿಗೆ ಕೇರಿಯೇ ಬಂದಿತ್ತು. ಹೆಂಗಸರು ಸೆರಗಿನಲ್ಲಿ ಐಸ್ ಚೂರು ಹಿಡಿದು ಕೆನ್ನೆಗೊತ್ತಿಕೊಂಡು ಕಿರುಚುತ್ತಿದ್ದರು.

"ಮಹದೇವಣ್ಣ, ಒಂದಿಷ್ಟು ಬೆಲ್ಲ ನಿಂಬೆಹಣ್ಣು ಬುಟ್ರೆ ಊರಿಗೆಲ್ಲ ಪಾನಕ ಕಣಪ್ಪ," ಅಂದ ಚಿಕ್ಕಣ್ಣ.

"ದನ ನೆಕ್ಕಿರೋ ಬಾನಿ ಕಣೋ ಅದು. ನೀನೇ ಕುಡಿ."

"ನನ್ನ ಕುದುರೆಗಾದ್ರೂ ಕೊಡು, ಪುಣ್ಯ ಬರ್ಲಿ!"

ಎಲ್ಲರೂ ನಕ್ಕರು. ಮಹದೇವು ನಗಲಿಲ್ಲ. ಸುಂದರೇಶ ಜೇಬಿನಿಂದ ಥರ್ಮಾಮೀಟರು ತೆಗೆದು ನೀರಿಗದ್ದಿ ನೋಡಿ ತಲೆಯಾಡಿಸಿದ. ಮೊದಲು ಹೊಸದು. ಅದನ್ನು ಸಿಲಿಂಡರಿಗೆ ಬಿಗಿದು, ಸಿಲಿಂಡರನ್ನು ಬಾನಿಯಲ್ಲಿ ಮಲಗಿಸಿ, ರೆಗ್ಯುಲೇಟರು ಐಸಿನಡಿ ಮುಳುಗುವಂತೆ ಒತ್ತಿದರು. ಮಹದೇವು ಬಾನಿಯ ಪಕ್ಕ ಮಂಡಿಯೂರಿ, ಮೂಗು ಮುಚ್ಚಿಕೊಂಡು, ಕೊಳವೆ ಬಾಯಿಗೆ ಹಾಕಿ ಉಸಿರೆಳೆದ. ಸುಂದರೇಶ ಗಡಿಯಾರ ಹಿಡಿದು ನಿಂತ. ಐದು ನಿಮಿಷ, ಹತ್ತು ನಿಮಿಷ. ಜನಕ್ಕೆ ಬೇಸರ ಬಂತು. ಇಪ್ಪತ್ತಾದಮೇಲೆ ಸುಂದರೇಶ ಸಾಕು ಎಂದ. ಅದು ಒಂದು ಸಲವೂ ತಡವರಿಸಿರಲಿಲ್ಲ.

"ಚೆನ್ನಾಗದೆ," ಎಂದು ಮಹದೇವು ಒಪ್ಪಿಕೊಂಡ. "ಈಗ ನಂದು ನೋಡಿ."

ಬೇರೆ ಸಿಲಿಂಡರು ತಂದು, ಜಗಲಿಯ ಬಿಸಿಲಲ್ಲಿಟ್ಟಿದ್ದ ಹಳೆಯದನ್ನು ಬಿಗಿದರು. ಸುಂದರೇಶ ಗಾಳಿಯ ಅಳತೆ ತೋರಿಸುವ ಮುಳ್ಳು ನೋಡಿ, "ಭರ್ತಿ ಇದೆ" ಅಂದ.

"ಇದಕ್ಕೆ ಮುಖಾನೂ ಮುಳುಗಿಸ್ತೀನಿ," ಅಂದ ಮಹದೇವು.

"ಬೇಡ ಕಣಯ್ಯ, ಹುಚ್ಚಾಟ ಆಡಬೇಡ."

"ಮುಳುಗಿಸ್ತೀನಿ ಅಂದ್ರೆ ಮುಳುಗಿಸ್ತೀನಿ." ಕೊಳವೆ ಕಚ್ಚಿಕೊಂಡು, ಬಾನಿಯ ಅಂಚನ್ನು ಎರಡು ಕೈಯಲ್ಲಿ ಹಿಡಿದು, ಕಿವಿಯವರೆಗೂ ತಲೆ ಅದ್ದಿದ.

ಚಳಿ ಹಣೆಗೆ ಮೊಳೆ ಹೊಡೆದ ಹಾಗಿತ್ತು. ಆದರೆ ಉಸಿರು ಬಂತು. ಮತ್ತೆ ಎಳೆದ, ಮತ್ತೆ ಬಂತು. ಹನ್ನೆರಡು ವರ್ಷದ ಅದೇ ಸದ್ದು, ಬೆನ್ನ ಹಿಂದೆ ಯಾರೋ ನಿದ್ದೆಯಲ್ಲಿ ಉಸಿರಾಡುವ ಸದ್ದು. ಎದೆ ಹಗುರಾಯಿತು. ನೋಡಿ, ನೋಡ್ಕೊಳ್ಳಿ ಎಲ್ಲಾರೂ ಎಂದು ನೀರೊಳಗೇ ಅಂದುಕೊಂಡ. ಅರವತ್ತು ಉಸಿರು ಎಣಿಸಿದ. ಅರವತ್ತಾದಮೇಲೆ ಗಾಳಿ ಸ್ವಲ್ಪ ಬಿಗಿಯಾಯಿತು. ಜೋರಾಗಿ ಎಳೆದ, ಬಂತು. ಇನ್ನೂ ಜೋರಾಗಿ ಎಳೆದ, ಎಳೆದಷ್ಟು ಬರಲಿಲ್ಲ. ಮುಂದಿನ ಸಲ ಎಳೆದಾಗ ಏನೂ ಬರಲಿಲ್ಲ.

ಗೋಡೆಗೆ ಬಾಯಿಟ್ಟು ಉಸಿರೆಳೆದ ಹಾಗೆ.

ಅವನು ಏಳಲಿಲ್ಲ. ಒಂದು ಗಳಿಗೆ, ಬೇಕೆಂದೇ, ಅಲ್ಲೇ ಇದ್ದ. ಮತ್ತೆ ಎಳೆದ. ಪಕ್ಕೆಲುಬು ಒಳಕ್ಕೆ ಸೆಳೆದುಕೊಂಡಿತು, ಕಣ್ಣು ಹೊರಕ್ಕೆ ಬರುವ ಹಾಗಾಯಿತು, ಬಾಯಿ ತಾನಾಗಿಯೇ ಕೊಳವೆಯನ್ನು ಉಗುಳಲು ನೋಡಿತು. ಅವನಿಗೆ ಹೆದರಿಕೆ ಇರಲಿಲ್ಲ. ಒಂದು ಗೇಣು ಮೇಲೆ ಗಾಳಿ ಇದೆ ಎಂದು ಗೊತ್ತಿತ್ತು, ಪಕ್ಕದಲ್ಲಿ ನೂರು ಜನ ಇದ್ದಾರೆ ಎಂದು ಗೊತ್ತಿತ್ತು. ಆದರೂ ಬಾಯಿ ಕೊಳವೆಯನ್ನು ಕಿತ್ತೆಸೆಯಿತು. ಹೆದರಿಕೆಗೂ ಅದಕ್ಕೂ ಸಂಬಂಧವೇ ಇಲ್ಲ ಎಂಬುದು ಆ ಕ್ಷಣದಲ್ಲಿ ಅವನಿಗೆ ತಿಳಿಯಿತು. ದೇವರಾಜುವಿನ ತಲೆಯ ಮೇಲೆ ನಲವತ್ತು ಅಡಿ ನೀರಿತ್ತು.

ತಲೆ ಎತ್ತಿ ಹಿಂದಕ್ಕೆ ಬಿದ್ದ. ಕೆಮ್ಮಿದ. ಪುಟ್ಟತಾಯಮ್ಮ ಓಡಿಬಂದು ಟವಲು ಹಾಕಿದಳು.

"ಏನಾಯ್ತು?" ಸುಂದರೇಶ ಬಗ್ಗಿದ. "ಏಳು ನಿಮಿಷ ಆಗಿದೆ ಅಷ್ಟೇ."

"ಗಾಳಿ ಮುಗೀತು," ಅಂದ ಮಹದೇವು. "ಸಿಲಿಂಡರ್ ಖಾಲಿ."

ಸುಂದರೇಶ ಮುಳ್ಳು ನೋಡಿದ. "ಮುಕ್ಕಾಲು ಇದೆ ಮಹದೇವು."

"ಇಲ್ಲ, ಮುಳ್ಳು ಕೆಟ್ಟದೆ. ಬುಡಿ ಅದನ್ನ. ಮುಟ್ಟಬೇಡಿ! ಬುಡಿ ಅಂದ್ರೆ!"

ಸುಂದರೇಶ ಬಿಡಲಿಲ್ಲ. ಆಗಲೇ ರೆಗ್ಯುಲೇಟರನ್ನು ಕಳಚಿ, ಅದರ ಮೇಲಿನ ನೀರು ಬಸಿದು, ಪಟ್ಟಿ ಸಡಿಲಿಸಿ ಮುಚ್ಚಳ ಎತ್ತಿದ್ದ. ಒಳಗೆ ನೋಡಿ ಅವನ ಕೈ ನಿಂತಿತು. ಎರಡು ಸನ್ನೆಯ ಸುತ್ತಲೂ ಬೆಳ್ಳಗೆ ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. ಉಗುರಿನಿಂದ ಒತ್ತಿದರೆ ಸನ್ನೆ ಅಲುಗಲಿಲ್ಲ.

"ಏನಿದು? ಮೇಣವಾ?" ಎಂದು ಬೆಳಕಿಗೆ ಹಿಡಿದ. "ಯಾರು ಮೇಣ ಹಾಕಿದ್ದು ಇದಕ್ಕೆ?"

ಬೆಟ್ಟಮ್ಮ ಜಗಲಿಯಿಂದ ಇಳಿದು ಬಂದಿದ್ದಳು. ಕಪ್ಪು ಬೆರಳನ್ನು ಚಾಚಿ ಒಂದು ಚೂರು ಕೆರೆದು ಮೂಗಿನ ಹತ್ತಿರ ತಂದಳು.

"ಕೊಬ್ಬರಿ ಎಣ್ಣೆ ಅಲ್ವಾ ಇದು?" ಅಂದಳು. "ಬೆಳಿಗ್ಗೆ ಬಾಟ್ಲಿಯಾಗೆ ಇಂಗೇ ಇರ್ತದೆ. ದಿನಾ ನಾನೇ ಬಿಸಿಲಿಗಿಡೋದು."

ಅವಳ ಬೆರಳ ಮೇಲೆ, ನೋಡುತ್ತಿದ್ದ ಹಾಗೇ, ಆ ಬಿಳಿ ಚೂರು ಕರಗಿ ಎಣ್ಣೆಯಾಗಿ ಇಳಿಯಿತು.

ಸುಂದರೇಶ ಅದನ್ನೇ ನೋಡುತ್ತಿದ್ದ. "ಘಟ್ಟ ಇಳಿದು ಬರೋ ಹೊತ್ತಿಗೆ ಕರಗಿತ್ತು," ಎಂದು ತನ್ನಷ್ಟಕ್ಕೆ ತಾನೇ ಅಂದ. "ನನ್ನ ಮೇಜಿನ ಮೇಲೆ ಕರಗಿ ಹೋಗಿತ್ತು. ಅಯ್ಯೋ ರಾಮ. ಜಿಡ್ಡು ಕಂಡೆ. ಕೆರೆಯ ನೀರಿನ ಜಿಡ್ಡು ಅಂದ್ಕೊಂಡೆನಲ್ಲಯ್ಯ!"

ಚಿಕ್ಕಣ್ಣನ ನಗೆ ನಿಂತುಹೋಗಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನು ನಡೆಯಿತೆಂದು ಗೊತ್ತಾಗದವರಿಗೆ ಗೊತ್ತಾದವರು ಪಿಸುಗುಟ್ಟಿದರು.

"ಅಣ್ಣ," ಅಂದಳು ಬೆಟ್ಟಮ್ಮ. "ಅಲ್ಲಿ ಬೆಟ್ಟದ ಮೇಲೆ ನೀರು ಇಂಗೇ ತಣ್ಣಗಿತ್ತಾ?"

ಮಹದೇವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬಾಟ್ಲಿ ತಂದುಕೊಟ್ಟೋಳು ನಾನೇ. ನೀನು ಅಚ್ಚಿದ್ದ ಕಂಡಿದೀನಿ. ಅವರಿಗೆ ಗಾಳಿ ಬಂದಿಲ್ಲ. ಅಲ್ವಾ? ಗಾಳಿ ಬರ್ದೆ ಕಿತ್ಕೊಂಡವ್ರೆ."

"ನಂಗೇನ್ ಕನಸು ಬಿದ್ದಿತ್ತಾ?" ಮಹದೇವು ಎದ್ದು ನಿಂತು ಅರಚಿದ. "ಬೇಕು ಅಂತ ಮಾಡಿದ್ನಾ? ನನ್ನ ಉಸಿರೂ ಅದರಾಗೇ ಇತ್ತಲ್ಲ! ಏನ್ ಮಾಡ್ಲಿ ನಾನೀಗ? ಸಾಯ್ಲಾ? ಇದೇ ಬಾನೀಲಿ ಮುಳುಗಿ ಸಾಯ್ಲಾ?"

"ಸಾಯ್ಬೇಡ," ಅಂದಳು. "ಯೋಳು."

"ಏನ್ ಯೋಳ್ಲಿ?"

"ಅವರು ಎದ್ರಲಿಲ್ಲ ಅಂತ ಯೋಳು. ಎಣ್ಣೆ ಅಚ್ಚಿದ್ದು ನಾನು, ಅವರಿಗೆ ಎದ್ರಿಕೆ ಆಗಿರ್ಲಿಲ್ಲ ಅಂತ ಯೋಳು. ಇಷ್ಟು ಜನರ್ನ ನೀನೇ ಕರ್ದಿದ್ದೀಯ. ಎಲ್ಲಾರೂ ಅವ್ರೆ. ಎರಡು ವರ್ಷ ಎಲ್ಲಾರ ಮುಂದೆ ಆಡ್ದೆಯಲ್ಲ, ಇವತ್ತು ಇದೊಂದು ಆಡು."

ಮಹದೇವು ಜನದ ಕಡೆ ನೋಡಿದ. ಹಾಲಿನವನು, ಊದುಬತ್ತಿ ಸಾಹುಕಾರನ ಗುಮಾಸ್ತ, ಪಕ್ಕದ ಮನೆ ಮಂಜುಳಮ್ಮ, ಚಿಕ್ಕಣ್ಣ. ಎಲ್ಲರಿಗೂ ವಿಷಯ ಆಗಲೇ ಗೊತ್ತಾಗಿತ್ತು. ಗೊತ್ತಾದ ಮಾತನ್ನೇ ಬಾಯಿಬಿಟ್ಟು ಆಡುವುದಷ್ಟೇ ಉಳಿದಿತ್ತು. ಅದರ ಬದಲು ಯಾರ ಮೇಲಾದರೂ ರೇಗಬೇಕೆನ್ನಿಸಿತು. ಸುಂದರೇಶನ ಮೇಲೆ, ಐಸಿನ ಮೇಲೆ, ಕಾಗದ ಬರೆದ ಇಂಜಿನಿಯರ ಮೇಲೆ.

"ಓಗ್ರೋ ಎಲ್ಲಾ! ಏನ್ ನೋಡ್ತಾ ನಿಂತಿದ್ದೀರಿ, ಕರಡಿ ಕುಣಿತವಾ ಇದು?" ಎಂದು ಕೂಗಿದ. "ನಡೀರಿ ನಿಮ್ಮನಿಮ್ಮ ಮನೇಗೆ!"

ಜನ ಕದಲಿದರು. ಬೆಟ್ಟಮ್ಮ ಮಾತ್ರ ನಿಂತಲ್ಲೇ ನಿಂತಿದ್ದಳು. ಕೊನೆಯವನು ಬೇಲಿ ದಾಟುವವರೆಗೂ ಅಣ್ಣನ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಬಾನಿಯ ಹತ್ತಿರ ಹೋಗಿ, ಆ ಐಸ್ ನೀರಿನಲ್ಲೇ ಕೈ ಅದ್ದಿ, ಒಂದೊಂದೇ ಬೆರಳನ್ನು ಉಜ್ಜಿ ತೊಳೆದುಕೊಂಡಳು. ಇದ್ದಿಲ ಕಪ್ಪು ಅಷ್ಟು ಬೇಗ ಹೋಗುವಂಥದ್ದಲ್ಲ. ಉಗುರಿನ ಸಂದಿಯಲ್ಲಿ ಉಳಿಯಿತು. ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದಳು.

ಹೊರಗೆ ಬಂದಾಗ ಕೈಯಲ್ಲಿ ಬಟ್ಟೆಯ ಚೀಲವಿತ್ತು. ಎರಡು ಸೀರೆ, ದೇವರಾಜುವಿನ ಎಲೆಯಡಿಕೆ ಸಂಚಿ, ಅಷ್ಟೇ.

"ಎಲ್ಲಿಗೆ ತಾಯಿ?" ಪುಟ್ಟತಾಯಮ್ಮ ಅಡ್ಡ ಬಂದಳು.

"ಬನ್ನೂರಿಗೆ ಅತ್ತಿಗೆ. ಅತ್ತೆಗೆ ಯೋಳ್ಬೇಕು. ಮಗ ಪುಕ್ಕಲ ಅನ್ಕೊಂಡೇ ಆ ಮುದುಕಿ ಸತ್ತೋಗ್ಬಾರ್ದು."

"ಉಂಡ್ಬುಟ್ಟು ಓಗು."

"ಬೇಡ."

ಮಹದೇವನ ಮುಂದೆಯೇ ಹಾದುಹೋದಳು. ಅವನು ಕೈ ಚಾಚಿದ್ದರೆ ಸಿಗುತ್ತಿದ್ದಳು. ನಿಲ್ಲು, ನಾನೂ ಬರ್ತೀನಿ, ನಾನೇ ಹೇಳ್ತೀನಿ ಎಂದು ಗಂಟಲವರೆಗೂ ಬಂತು. ಬಾಯಿಂದ ಹೊರಟದ್ದು ಬೇರೆ: "ಬಿಸಿಲು ಏರಿಬುಟ್ಟದೆ. ಸಾಯಂಕಾಲ ಓಗಿದ್ರಾಯ್ತಿರ್ಲಿಲ್ವಾ?"

ಅವಳು ತಿರುಗಿ ನೋಡಲಿಲ್ಲ. ಬೇಲಿ ದಾಟಿ, ಜಟಕಾದ ಕುದುರೆಯ ಪಕ್ಕದಿಂದ ಹಾದು, ಬಸ್ಸಿನ ದಾರಿ ಹಿಡಿದಳು.

ಸುಂದರೇಶ ಹೊಸ ರೆಗ್ಯುಲೇಟರನ್ನು ಅದರ ಪೆಟ್ಟಿಗೆಯಲ್ಲಿಟ್ಟು ಜಗಲಿಯ ಮೇಲಿಟ್ಟ. "ಇದು ಇಲ್ಲೇ ಇರಲಿ. ರೈಲಿಗೆ ಇನ್ನೂ ನಾಲ್ಕು ದಿನ ಇದೆ," ಅಂದ. ಆಮೇಲೆ ದನಿ ತಗ್ಗಿಸಿ, "ಹೋಗೋ. ಸೈಕಲ್ ತಗೊಂಡು ಹೋಗು. ಇನ್ನೂ ತಿರುವು ದಾಟಿರಲ್ಲ," ಅಂದ.

"ದೇವರಾಜು ಎದ್ರಲಿಲ್ಲ ಸ್ವಾಮಿ," ಅಂದ ಮಹದೇವು. ಈಗ ಮಾತು ಸಲೀಸಾಗಿ ಬಂತು. "ಎದ್ರೋನೇ ಅಲ್ಲ ಅವನು. ನಂಗೊತ್ತಿಲ್ವಾ?"

"ನನಗ್ಯಾಕೆ ಹೇಳ್ತೀಯ?"

ಮಹದೇವು ಬಹಳ ಹೊತ್ತು ಬಾನಿಯ ಪಕ್ಕ ಕೂತಿದ್ದು, ಆಮೇಲೆ ಸೈಕಲ್ ಎತ್ತಿಕೊಂಡು ಒದ್ದೆ ಬಟ್ಟೆಯಲ್ಲೇ ಹೊರಟ. ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಬನ್ನೂರಿನ ಬಸ್ಸು ಹೊರಟು ಹತ್ತು ನಿಮಿಷವಾಗಿತ್ತು. ಮುಂದಿನದು ಎರಡು ಗಂಟೆಗೆ ಎಂದರು. ಅವನು ಬೆಂಚಿನ ಮೇಲೆ ಕೂತ, ಎದ್ದ, ಸೈಕಲ್ಲಿನ ಬೆಲ್ ಬಾರಿಸಿ ನೋಡಿದ, ಮತ್ತೆ ಕೂತ. ಎರಡು ಗಂಟೆಯ ಬಸ್ಸು ಬಂತು. ಜನ ಹತ್ತಿದರು. ಕಂಡಕ್ಟರು ಬರ್ತೀಯೇನಪ್ಪ ಎಂದು ಕೇಳಿದ. ಮಹದೇವು ತಲೆಯಾಡಿಸಿದ, ಬರುತ್ತೇನೆಂದೋ ಇಲ್ಲವೆಂದೋ ಅವನಿಗೇ ತಿಳಿಯಲಿಲ್ಲ. ಬಸ್ಸು ಹೋಯಿತು.

ನಾಳೆ ಬರುತ್ತಾಳೆ ಎಂದು ಪುಟ್ಟತಾಯಮ್ಮನಿಗೆ ಹೇಳಿದ. ಹೊಸೆಯದ ಹಿಟ್ಟು ಮಣೆಯ ಮೇಲೆ ಒಣಗಿತು. ಎಣ್ಣೆಯ ಬಾಟಲಿಯನ್ನು ಯಾರೂ ಬಿಸಿಲಿಗಿಡಲಿಲ್ಲ. ಬೆಟ್ಟಮ್ಮ ಮರುದಿನ ಬರಲಿಲ್ಲ, ರೈಲು ಹೊರಡುವ ದಿನವೂ ಬರಲಿಲ್ಲ. ಮತ್ತೆಂದೂ ಆ ಮನೆಯ ಹೊಸಿಲು ತುಳಿಯಲಿಲ್ಲ.